ಗರಡಿಯ ಆಯ್ಕೆ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವಾಗ ಅದನ್ನು ನಾಲ್ಕು ಸಲ ಬೆರಳಿನಿಂದ ತಟ್ಟಿ ನಾದವನ್ನು ಕೇಳದೆ ಯಾವ ಗೃಹಿಣಿಯೂ ಕಾಸು ಬಿಚ್ಚುವುದಿಲ್ಲ. ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನೂ ಸುಳಿಯನ್ನೂ ನೋಡುತ್ತಾನೆ; ಹೆಣ್ಣು ಕೊಡುವವರು ವರನ ಮನೆಯ ನಡವಳಿಕೆಯನ್ನು ಹತ್ತು ಕಡೆ ವಿಚಾರಿಸುತ್ತಾರೆ. ಇಷ್ಟು ಜಾಗರೂಕರಾದ ಜನರೇ ಮಗುವನ್ನು ಕುಸ್ತಿಗೋ ಕರಾಟೆಗೋ ಸೇರಿಸಬೇಕಾದಾಗ ಮಾತ್ರ, ಸ್ಥಳವು ಮನೆಗೆ ಹತ್ತಿರವಿದೆಯೇ, ತಿಂಗಳಿಗೆ ಶುಲ್ಕವೆಷ್ಟು, ಎಂಬ ಎರಡು ಪ್ರಶ್ನೆಗಳಲ್ಲಿ ತಮ್ಮ ವಿಚಾರಣೆಯನ್ನು ಮುಗಿಸಿಬಿಡುವುದು ಸೋಜಿಗದ ಸಂಗತಿ. ಅಕ್ಷರಶಾಲೆಯಲ್ಲಿ ಉಪಾಧ್ಯಾಯನು ತಪ್ಪು ಕಲಿಸಿದರೆ ಅದು ಪುಸ್ತಕದಲ್ಲಿ ನಿಲ್ಲುತ್ತದೆ. ಮುಂದಿನ ವರ್ಷದ ಉಪಾಧ್ಯಾಯನು ಅದನ್ನು ತಿದ್ದಿಯಾನು. ಮಲ್ಲವಿದ್ಯೆಯ ಗುರುವು ತಪ್ಪು ಕಲಿಸಿದರೆ ಅದು ಮಗುವಿನ ಮೊಣಕಾಲಿನಲ್ಲಿ ನಿಲ್ಲುತ್ತದೆ, ಕುತ್ತಿಗೆಯಲ್ಲಿ ನಿಲ್ಲುತ್ತದೆ. ಇನ್ನೂ ಆಳಕ್ಕೆ ಇಳಿದು ಹೇಳುವುದಾದರೆ ಅದರ ಸ್ವಭಾವದಲ್ಲಿ ನಿಲ್ಲುತ್ತದೆ. ಇನ್ನೊಬ್ಬರ ಮೈಮೇಲೆ ಕೈಮಾಡುವ ಅಧಿಕಾರವನ್ನು ಮಗುವಿಗೆ ಕೊಟ್ಟು, ಅದರ ಮೈಮೇಲೆ ಇನ್ನೊಬ್ಬರು ಕೈಮಾಡುವುದಕ್ಕೂ ಒಪ್ಪಿಗೆಯಿತ್ತು ಬರುವ ಶಾಲೆ ಇದು. ಇದರ ಹೊಸ್ತಿಲನ್ನು ದಾಟಿಸುವ ಮುನ್ನ ಮಡಕೆಗೆ ಮಾಡುವಷ್ಟಾದರೂ ಪರೀಕ್ಷೆಯನ್ನು ಮಾಡತಕ್ಕದ್ದು ನ್ಯಾಯವಾಗಿದೆ.

ಕನ್ನಡನಾಡಿಗೆ ಈ ವಿವೇಚನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಬೇರೆಯೇ ಒಂದು ಪ್ರಕರಣವುಂಟು. ಅಲ್ಲಿ ಮಲ್ಲರನ್ನು ವಯಸ್ಸು ಬಲಗಳಿಗೆ ಅನುಗುಣವಾಗಿ ವರ್ಗ ವರ್ಗವಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸಕ್ರಮವನ್ನೂ ಹೇಳಿದೆ. ಎಲ್ಲರಿಗೂ ಒಂದೇ ಪಾಠವಲ್ಲವೆಂಬ ಈ ತಿಳಿವು ಒಳ್ಳೆಯ ಶಾಲೆಯ ಮೊದಲನೆಯ ಲಕ್ಷಣ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪೇಸನು ಕೃಷ್ಣದೇವರಾಯನ ಮುಂಜಾವಿನ ಅಂಗಸಾಧನೆಯನ್ನು ವರ್ಣಿಸಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಎಣ್ಣೆ ತೀಡಿಸಿಕೊಂಡು, ಭಾರವಾದ ಮಣ್ಣಿನ ಗುಂಡುಗಳನ್ನೆತ್ತಿ, ಕತ್ತಿ ತಿರುಗಿಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬಂದ ತರುವಾಯ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿಗೆ ಇಳಿಯುತ್ತಿದ್ದನಂತೆ. ಸಾಮ್ರಾಜ್ಯವನ್ನಾಳುವ ದೊರೆಗೂ ಮೊದಲು ಮೈ ಕಾಯಿಸುವುದು, ಆಮೇಲೆ ಹಿಡಿತ. ಬಂದ ಮೊದಲ ದಿನವೇ ಹಸುಮಕ್ಕಳನ್ನು ಎದುರುಬದುರು ನಿಲ್ಲಿಸಿ ‘ಹೊಡಿ’ ಎನ್ನುವ ಈಗಿನ ಕೆಲವು ಗುರುಗಳು ಈ ಸಂಗತಿಯನ್ನು ನೆನೆಯಬಹುದು.

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆದು ಬಂದಿರುವ ವಜ್ರಮುಷ್ಟಿ ಕಾಳಗವನ್ನು ಕೇಳದವರು ವಿರಳ. ಜೆಟ್ಟಿಗಳು ತಲೆ ಬೋಳಿಸಿಕೊಂಡು, ಮೊನೆಯುಳ್ಳ ಆಯುಧವನ್ನು ಬೆರಳುಗಳಿಗೆ ತೊಟ್ಟು ಎದುರಾಗುವ ಆ ಕಾಳಗವು ನೋಡುವವರಿಗೆ ಭಯಂಕರವೇ ಸರಿ. ಆದರೂ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗವು ಮುಗಿಯಿತು. ಮತ್ತೊಂದು ಏಟಿಗೆ ಅಲ್ಲಿ ಅವಕಾಶವಿಲ್ಲ. ಕೇರಳದ ಕಳರಿಯಲ್ಲಿಯೂ ಮೊದಲು ಮೈಪಳಗಿಸುವ ಅಭ್ಯಾಸ, ಅನಂತರ ಕೋಲು, ಅದರ ಮೇಲೆ ಲೋಹದ ಆಯುಧ, ಕಡೆಗೆ ಬರಿಗೈಯ ಹೋರಾಟ ಎಂಬ ಕ್ರಮವುಂಟು. ಅತ್ಯಂತ ಕಠೋರವಾದ ಸಂಪ್ರದಾಯಗಳಲ್ಲಿಯೂ ಹೀಗೆ ಒಂದು ಮೇರೆ, ಒಂದು ಕ್ರಮ, ‘ಸಾಕು’ ಎನ್ನುವ ಒಬ್ಬ ಹಿರಿಯ ಇದ್ದೇ ಇರುತ್ತಾರೆ. ಈ ಮೂರೂ ಇಲ್ಲದ ಸ್ಥಳಕ್ಕೆ ಎಷ್ಟೇ ಅಲಂಕಾರವಿದ್ದರೂ ಅದನ್ನು ಶಾಲೆಯೆನ್ನಲಾಗದು.

ವಿದ್ಯಾವಂತರ ಮನೆಗಳಲ್ಲಿ ಗರಡಿಯೆಂದರೆ ಓದುಬರಹವಿಲ್ಲದವರ ಠಾವು ಎಂಬ ಉಪೇಕ್ಷೆ ಬಹುಕಾಲದಿಂದ ಇದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ತಾವೂ ದೇಹದಾರ್ಢ್ಯಕ್ಕೆ ಹೆಸರಾಗಿದ್ದರೆಂಬುದನ್ನು ನೆನೆದರೆ ಈ ಉಪೇಕ್ಷೆಗೆ ಆಧಾರವಿಲ್ಲವೆಂದು ತಿಳಿಯುತ್ತದೆ. ಗರಡಿಗಳು ಊರೂರಲ್ಲಿ ಕಡಿಮೆಯಾಗುತ್ತ ಬಂದಂತೆ, ಮಹಡಿಯ ಮೇಲಿನ ಹಜಾರಗಳಲ್ಲಿ ಕರಾಟೆ, ಟೇಕ್ವಾಂಡೊ, ಜೂಡೊಗಳ ಶಾಲೆಗಳು ಹೆಚ್ಚಿವೆ. ಇವು ಪರದೇಶದವೆಂದು ಜರೆಯಬೇಕಾದ ಕಾರಣವಿಲ್ಲ. ಜಪಾನಿನ ಕಾನೊ ಜಿಗೊರೊ ಎಂಬ ವಿದ್ವಾಂಸನು 1882ರಲ್ಲಿ ಟೋಕಿಯೊ ನಗರದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಚಿಕ್ಕ ಕೊಠಡಿಯೊಂದರಲ್ಲಿ ಜೂಡೊವನ್ನು ಆರಂಭಿಸಿದಾಗ, ಹಳೆಯ ಯುದ್ಧವಿದ್ಯೆಯಿಂದ ಅಪಾಯಕರವಾದ ಪಟ್ಟುಗಳನ್ನು ಬೇರ್ಪಡಿಸಿ, ಇಬ್ಬರೂ ಬೆಳೆಯುವಂತೆ ಅಭ್ಯಾಸಮಾಡುವುದನ್ನೇ ಧ್ಯೇಯವಾಗಿಟ್ಟನು. ಕಪ್ಪು ಪಟ್ಟಿಯನ್ನು ಶಿಷ್ಯರಿಗೆ ಕೊಡುವ ಪದ್ಧತಿಯೂ ಅವನ ಶಾಲೆಯಿಂದಲೇ ಹೊರಟಿತು. ಓಕಿನಾವಾ ದ್ವೀಪದ ಕರಾಟೆಯನ್ನು ಫುನಾಕೋಶಿ ಗಿಚಿನ್ ಎಂಬ ಶಾಲಾ ಉಪಾಧ್ಯಾಯನು 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದನು. ಇವರಿಬ್ಬರೂ ಉಪಾಧ್ಯಾಯರಾಗಿದ್ದರೆಂಬುದು ಗಮನಾರ್ಹ. ಪಟ್ಟಿಯನ್ನು ಸರಕಾಗಿ ಮಾರುವುದು ಅವರ ತರುವಾಯದ ಕಾಲದ ವ್ಯಾಪಾರ.

ಆಯ್ಕೆಯ ಕಷ್ಟವೆಂತಹುದೆಂಬುದನ್ನು ಮೈಸೂರಿನ ಒಂದು ಸಂಸಾರದ ಕಥೆಯಿಂದ ತಿಳಿಯಬಹುದು. ಗೃಹಸ್ಥರು ಕಚೇರಿಯೊಂದರಲ್ಲಿ ಗುಮಾಸ್ತರು, ವಯಸ್ಸು ನಲವತ್ತಾರು, ಹೊಟ್ಟೆ ಮುಂದೆ ಬಂದಿತ್ತು, ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳಲಾರಂಭಿಸಿದೆಯೆಂದು ವೈದ್ಯರು ಎಚ್ಚರಿಸಿದ್ದರು. ಒಂಬತ್ತು ವರ್ಷದ ಮಗನು ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತಿದ್ದನು. ಆದರೆ ಅವರನ್ನು ಶಾಲೆಯನ್ನು ಹುಡುಕುವಂತೆ ಮಾಡಿದುದು ಈ ಎರಡೂ ಅಲ್ಲ. ಹದಿಮೂರು ವರ್ಷದ ಮಗಳು ಎರಡು ವಾರಗಳಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ; ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಏನಾದರೊಂದು ನೋವಿನ ನೆಪ ಹೇಳುತ್ತಿದ್ದಳು. ತಾಯಿಯು ಒಂದು ರಾತ್ರಿ ತಲೆ ಬಾಚುತ್ತ ಕುಳಿತು ಮೆಲ್ಲನೆ ಕೇಳಲಾಗಿ, ಬಸ್ಸಿನಲ್ಲಿ ಒಬ್ಬನು ದಿನವೂ ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತಾನೆಂಬ ಸಂಗತಿ ಹೊರಬಿದ್ದಿತು. ತಂದೆಯು ಮರುದಿನದಿಂದ ತಾವೇ ಬಸ್ಸಿನಲ್ಲಿ ಹೋಗಿಬರತೊಡಗಿದರು. ಆದರೆ ಜೀವನವೆಲ್ಲ ಜೊತೆಗೆ ಹೋಗುವುದು ಸಾಧ್ಯವೇ? ದಂಪತಿಗಳು ಮಗಳಿಗೆ ಏನನ್ನಾದರೂ ಕಲಿಸಬೇಕೆಂದು ನಿಶ್ಚಯಿಸಿದರು.

ಮೊದಲು ಅವರು ಹೋದುದು ದೊಡ್ಡ ಬೀದಿಯ ಮಹಡಿಯ ಮೇಲಿದ್ದ ಒಂದು ಶಾಲೆಗೆ. ಗೋಡೆಯ ತುಂಬ ಕನ್ನಡಿ. ಕಪಾಟಿನ ತುಂಬ ಗೆದ್ದ ಬಟ್ಟಲುಗಳು. ಗುರುವು ಹಸನ್ಮುಖಿಯಾಗಿ, “ಮೂರು ತಿಂಗಳು ನನ್ನ ಕೈಗೆ ಕೊಡಿ ಸಾರ್. ನಿಮ್ಮ ಮಗಳು ಎಂಥಾ ಗಂಡಸನ್ನಾದರೂ ಹೊಡೆದು ಬೀಳಿಸ್ತಾಳೆ” ಎಂದನು. ವರ್ಷದ ಶುಲ್ಕವನ್ನು ಮುಂಗಡ ಕೊಡಬೇಕು. ಎರಡು ವರ್ಷಕ್ಕೆ ಕಪ್ಪು ಪಟ್ಟಿ ಖಂಡಿತ. ಒಂದು ದಿನ ಕುಳಿತು ಪಾಠವನ್ನು ನೋಡಬಹುದೇ ಎಂದು ತಾಯಿಯು ಕೇಳಲು, ತಂದೆತಾಯಿಗಳು ಕುಳಿತರೆ ಮಕ್ಕಳ ಗಮನ ಕೆಡುತ್ತದೆಂಬ ಉತ್ತರ ಬಂದಿತು. ಮೆಟ್ಟಿಲಿಳಿಯುವಾಗ ಬಾಗಿಲ ಸಂದಿಯಿಂದ ಕಂಡದ್ದಿಷ್ಟು: ಚಿಕ್ಕ ಹುಡುಗನೊಬ್ಬನು ಏಟು ತಿಂದು ಮುಖ ಮುಚ್ಚಿಕೊಂಡು ಅಳುತ್ತಿದ್ದನು, ಗುರುವು ಏನೋ ಹಾಸ್ಯವಾಡಿದನು, ಉಳಿದ ಮಕ್ಕಳೆಲ್ಲ ನಕ್ಕರು. ಮಗಳು ತಾಯಿಯ ಸೆರಗನ್ನು ಹಿಡಿದೆಳೆದು, “ಮನೆಗೆ ಹೋಗೋಣಮ್ಮ” ಎಂದಳು. ಅವರ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಎರಡನೆಯದು ಹಳೆಯ ಕೇರಿಯೊಂದರ ಗರಡಿ. ತಲೆ ತಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲು. ಒಳಗೆ ಆಂಜನೇಯನ ಪಟ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ನಡುವೆ ಜರಡಿ ಹಿಡಿದು ಎಣ್ಣೆ, ಅರಿಸಿನ, ಮಜ್ಜಿಗೆಗಳಿಂದ ಹದಮಾಡಿದ ಕೆಂಪು ಮಟ್ಟಿ. ಎಪ್ಪತ್ತು ದಾಟಿದ ವಸ್ತಾದರು ಶುಲ್ಕದ ಮಾತನ್ನೇ ಎತ್ತದೆ, “ಹುಡುಗ ತಾನಾಗಿ ಬರ್ತೀನಿ ಅಂದನೋ, ನೀವು ಎಳಕೊಂಡು ಬಂದಿರೋ ಸ್ವಾಮಿ?” ಎಂದು ಕೇಳಿದರು. ಗೃಹಸ್ಥರು ನಿರುತ್ತರರಾದರು. ಒಂದು ವಾರ ಹುಡುಗನು ಬರಿದೆ ಬಂದು ಕುಳಿತು ನೋಡಲಿ, ಮನಸ್ಸಾದರೆ ಎಂಟನೆಯ ದಿನ ಮಟ್ಟಿ ಅಗೆಯಲಿ, ದಂಡ ಬಸ್ಕಿಗಳಿಗೆ ಮೈ ಬಗ್ಗಿದ ಮೇಲೆ ಪಟ್ಟು ಎಂಬುದು ಅವರ ತೀರ್ಮಾನ. ಆ ಹೊತ್ತಿಗೆ ಅಖಾಡದಲ್ಲಿ ಒಬ್ಬ ಭಾರಿ ಪೈಲ್ವಾನನು ಹತ್ತು ವರ್ಷದ ಬಾಲಕನೊಡನೆ ಹಿಡಿತದ ಅಭ್ಯಾಸ ಮಾಡಿಸುತ್ತಿದ್ದನು. ಬಾಲಕನ ಕಾಲು ಸರಿಯಾದ ಎಡೆಯಲ್ಲಿ ಬಿದ್ದಾಗ ಆ ದೊಡ್ಡ ಮೈ ತಾನಾಗಿ ಉರುಳುತ್ತಿತ್ತು. ತಪ್ಪಿದಾಗ ಕದಲದೆ ನಿಲ್ಲುತ್ತಿತ್ತು. ಬಲವುಳ್ಳವನು ತನ್ನ ಬಲವನ್ನು ಹೀಗೆ ತೂಗಿ ಕೊಡುವುದನ್ನು ಗೃಹಸ್ಥರು ಅಲ್ಲಿಯವರೆಗೆ ಎಲ್ಲಿಯೂ ಕಂಡಿರಲಿಲ್ಲ. ಹೊರಡುವಾಗ ವಸ್ತಾದರು, “ನೀವೂ ಬನ್ನಿ ಸ್ವಾಮಿ. ಆದರೆ ಮೊದಲು ಡಾಕ್ಟರ ಹತ್ತಿರ ಎದೆ ತೋರಿಸಿಕೊಂಡು ಬನ್ನಿ” ಎಂದರು.

ಮಗಳ ವಿಷಯ ಬಂದಾಗ ಮಾತ್ರ ಆ ಮುದುಕರು ತಲೆಯಾಡಿಸಿದರು. ತಮ್ಮಲ್ಲಿ ಹೆಣ್ಣುಮಕ್ಕಳಿಗೆ ಅನುಕೂಲವಿಲ್ಲ, ಕಲಿಸಿದವರೂ ಇಲ್ಲ ಎಂದು ನೇರವಾಗಿ ಹೇಳಿದರು. ಆ ಮಾತಿನಲ್ಲಿ ಪ್ರಾಮಾಣಿಕತೆಯಿತ್ತು. ಆದರೆ ಬಾಗಿಲ ಹೊರಗೆ ನಿಂತ ಹುಡುಗಿಗೆ ಅದರಿಂದಾಗುವ ಸಮಾಧಾನ ಅಲ್ಪವೇ. ಒಲಿಂಪಿಕ್ಸ್ ಕ್ರೀಡೆಗಳಲ್ಲಿ ಸ್ತ್ರೀಯರ ಕುಸ್ತಿಯು 2004ರಲ್ಲಿಯೇ ಸೇರಿತು. 2016ರಲ್ಲಿ ರಿಯೊ ನಗರದಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕವನ್ನು ಗೆದ್ದರು. ಮೈಸೂರಿನ ದಸರಾ ಕುಸ್ತಿಯಲ್ಲಿಯೂ ಹೆಣ್ಣುಮಕ್ಕಳು ಸೆಣಸಿದ್ದಾರೆ. ಇಷ್ಟಾದರೂ ಹಳೆಯ ಗರಡಿಗಳಲ್ಲಿ ಅನೇಕವು ಅವರಿಗೆ ತೆರೆದಿಲ್ಲವೆಂಬುದು ಒಪ್ಪಿಕೊಳ್ಳಬೇಕಾದ ಕೊರತೆ.

ಮೂರನೆಯದು ಒಂದು ಪಾಠಶಾಲೆಯ ಹಜಾರದಲ್ಲಿ ಸಂಜೆ ನಡೆಯುವ ಜೂಡೊ ತರಗತಿ. ಕಲಿಸುವವರು ಒಬ್ಬ ಮಹಿಳೆ. ಜೊತೆಗೆ ಇನ್ನೊಬ್ಬ ಸಹಾಯಕಿ. ಬಾಗಿಲು ಹಾರುಹೊಡೆದಿತ್ತು, ಗೋಡೆಯ ಬದಿಯ ಬೆಂಚಿನ ಮೇಲೆ ತಾಯಂದಿರು ಕುಳಿತಿದ್ದರು. ಅಂದು ಅಲ್ಲಿ ಯಾರೂ ಯಾರನ್ನೂ ಎಸೆಯುತ್ತಿರಲಿಲ್ಲ, ಎಲ್ಲರೂ ಬೀಳುತ್ತಿದ್ದರು. ಗದ್ದವನ್ನು ಎದೆಗೊತ್ತಿ, ಬೆನ್ನನ್ನು ದುಂಡಗೆ ಮಾಡಿ, ಅಂಗೈಯಿಂದ ಹಾಸನ್ನು ಬಡಿದು ಬೀಳುವುದೇ ಹೊಸಬರಿಗೆ ಒಂದು ತಿಂಗಳ ಪಾಠ. ಹಿಡಿತ ನೋವಾದರೆ ಎರಡು ಸಲ ತಟ್ಟಬೇಕು. ತಟ್ಟಿದ ಕ್ಷಣವೇ ಎದುರಾಳಿ ಕೈ ಬಿಡಬೇಕು. ಬಿಡುವುದರಲ್ಲಿ ಒಂದು ಗಳಿಗೆ ತಡಮಾಡಿದ ಹುಡುಗನನ್ನು ಗುರುವು ಪಕ್ಕಕ್ಕೆ ಕರೆದು ಆ ದಿನವೆಲ್ಲ ಕೂರಿಸಿದರು; ಬೈಯಲಿಲ್ಲ, ನಗೆಗೀಡುಮಾಡಲೂ ಇಲ್ಲ. ತಾಯಿಯು ಬಸ್ಸಿನ ಸಂಗತಿಯನ್ನು ಹೇಳಿ, ಎಷ್ಟು ತಿಂಗಳಿಗೆ ಮಗಳು ತನ್ನನ್ನು ತಾನು ಕಾಪಾಡಿಕೊಂಡಾಳೆಂದು ಕೇಳಿದರು. ಅದಕ್ಕೆ ಅವರು, “ದೊಡ್ಡ ಗಂಡಸನ್ನು ಇಷ್ಟು ತಿಂಗಳಿಗೆ ಸೋಲಿಸ್ತಾಳೆ ಅಂತ ನಾನು ಹೇಳಲಾರೆನಮ್ಮ. ಗಟ್ಟಿಯಾಗಿ ಕೂಗೋದು, ಕೈ ಬಿಡಿಸಿಕೊಂಡು ಜನ ಇರುವ ಕಡೆ ಓಡೋದು, ಮನೆಯಲ್ಲಿ ಅದೇ ದಿನ ಹೇಳೋದು. ಮೊದಲು ಈ ಮೂರನ್ನು ಕಲಿಸ್ತೀನಿ” ಎಂದರು. ತಲೆ ತಗ್ಗಿಸಿ ನಿಂತಿದ್ದ ಹುಡುಗಿಯು ‘ಅದೇ ದಿನ’ ಎಂಬ ಮಾತಿಗೆ ಕಣ್ಣೆತ್ತಿ ನೋಡಿದಳು.

ಮಗನು ಎಂಟನೆಯ ದಿನ ತಾನಾಗಿ ಗುದ್ದಲಿ ಹಿಡಿದನು. ಗೃಹಸ್ಥರು ವೈದ್ಯರ ಅಪ್ಪಣೆ ಪಡೆದು, ಕುಸ್ತಿಯ ಗೊಡವೆಗೆ ಹೋಗದೆ ಬರಿಯ ಸಾಧನೆಗೆಂದು ಅದೇ ಗರಡಿಗೆ ಸೇರಿ, ಐದು ದಂಡದಿಂದ ತೊಡಗಿ ಆರು ತಿಂಗಳಲ್ಲಿ ಇಪ್ಪತ್ತೈದಕ್ಕೆ ಬಂದರು. ಕಚೇರಿಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ತಪ್ಪಿತು. ಮಗಳು ಜೂಡೊ ಕಲಿಯತೊಡಗಿದ ನಾಲ್ಕನೆಯ ತಿಂಗಳು ಬಸ್ಸಿನಲ್ಲಿ ಇನ್ನೊಬ್ಬನು ಅದೇ ಬಗೆಯಾಗಿ ಒತ್ತರಿಸಿ ನಿಂತಾಗ, “ದೂರ ನಿಲ್ರಿ” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು. ಕಂಡಕ್ಟರು ತಿರುಗಿ ನೋಡಿದನು. ಆ ಮನುಷ್ಯನು ಮುಂದಿನ ನಿಲ್ದಾಣದಲ್ಲಿ ಇಳಿದುಹೋದನು. ಒಂದು ಪಟ್ಟನ್ನೂ ಹಾಕಬೇಕಾಗಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಅವಳೇ ಹೇಳಿ, ಎರಡನೆಯ ಸಲ ಅನ್ನ ಬಡಿಸಿಕೊಂಡಳು.

ಈ ಸಂಸಾರವು ನೋಡಿ ತಿಳಿದುದನ್ನು ಇತರರೂ ನೋಡಿ ತಿಳಿಯಬಹುದು. ಮೊದಲನೆಯದಾಗಿ, ಪಾಠವನ್ನು ಕಣ್ಣಾರೆ ನೋಡಬೇಕು. ನೋಡಗೊಡದ ಶಾಲೆಯನ್ನು ಬಿಡಬೇಕು. ಹಾಗೆ ನೋಡುವಾಗ ಅಲ್ಲಿನ ಅತ್ಯುತ್ತಮ ಶಿಷ್ಯನನ್ನು ನೋಡಿ ಮರುಳಾಗಬಾರದು. ಅತ್ಯಂತ ದುರ್ಬಲನಾದ ಶಿಷ್ಯನ ಮೇಲೆ ದೃಷ್ಟಿಯಿಡತಕ್ಕದ್ದು. ಅವನೊಡನೆ ಗುರುವು ಹೇಗೆ ಮಾತನಾಡುತ್ತಾನೆ, ಹಿರಿಯ ಶಿಷ್ಯರು ಅವನನ್ನು ಹೇಗೆ ಹಿಡಿಯುತ್ತಾರೆ ಎಂಬುದರಲ್ಲಿ ಶಾಲೆಯ ಗುಣವೆಲ್ಲ ತೋರುತ್ತದೆ. ಮಕ್ಕಳನ್ನು ತೂಕಕ್ಕೂ ವಯಸ್ಸಿಗೂ ಸಮನಾಗಿ ಜೋಡಿ ಮಾಡುವರೇ, ಎಳೆಯರಿಗೆ ಕೀಲು ತಿರುಚುವ, ಕುತ್ತಿಗೆ ಒತ್ತುವ ಪಟ್ಟುಗಳನ್ನು ಹೇಳಿಕೊಡದೆ ತಡೆದಿರುವರೇ, ತಲೆಗೆ ಪೆಟ್ಟು ಬಿದ್ದ ಮಗುವನ್ನು ಆ ದಿನ ಮತ್ತೆ ಆಡಲು ಬಿಡದೆ ವೈದ್ಯರ ಬಳಿಗೆ ಕಳುಹುವರೇ ಎಂಬುದನ್ನು ಕೇಳಬೇಕು. ಮಟ್ಟಿಯಾಗಲಿ ಹಾಸಾಗಲಿ ಶುಚಿಯಾಗಿರಬೇಕು. ಉಗುರು ಕತ್ತರಿಸದವನನ್ನೂ ಹುಳುಕಡ್ಡಿ ಎದ್ದವನನ್ನೂ ಆ ದಿನ ಹೊರಗೆ ನಿಲ್ಲಿಸುವ ಗುರುವು ನಿಷ್ಠುರನೆಂದು ತೋರಿದರೂ ಹಿತವಂತನು.

ಎರಡನೆಯದು, ಸ್ಪರ್ಶದ ವಿಷಯ. ಈ ವಿದ್ಯೆಯಲ್ಲಿ ಮುಟ್ಟದೆ ಕಲಿಸಲು ಬರುವುದಿಲ್ಲ. ಆದಕಾರಣವೇ ಮುಟ್ಟುವುದೆಲ್ಲ ಹತ್ತು ಜನರ ಕಣ್ಣೆದುರಿಗೆ ಆಗಬೇಕು. ಮಗುವಿಗೆ ಮಾತ್ರ ಪ್ರತ್ಯೇಕವಾಗಿ ಮುಚ್ಚಿದ ಬಾಗಿಲೊಳಗೆ ಪಾಠ, ತಂದೆತಾಯಿಗೆ ತಿಳಿಸದೆ ಪರಸ್ಥಳದ ಪಂದ್ಯಕ್ಕೆ ಪ್ರಯಾಣ, ಮನೆಯಲ್ಲಿ ಹೇಳಬೇಡವೆಂಬ ಗುಟ್ಟು ಇವುಗಳಲ್ಲಿ ಒಂದು ಕಂಡರೂ ಮಗುವನ್ನು ಅಂದೇ ಬಿಡಿಸಿ ಕರೆತರಬೇಕು. ಮಕ್ಕಳನ್ನು ಇಂತಹ ಅಪರಾಧಗಳಿಂದ ಕಾಪಾಡಲು 2012ರಲ್ಲಿ ಪ್ರತ್ಯೇಕವಾದ ಕಾನೂನು ಬಂದಿದೆ. 1098 ಎಂಬ ದೂರವಾಣಿ ಸಂಖ್ಯೆಗೆ ಯಾರು ಬೇಕಾದರೂ ತಿಳಿಸಬಹುದು. ಗುರುಭಕ್ತಿಯು ದೊಡ್ಡದು, ಆದರೆ ಅದು ಮಗುವಿನ ಬಾಯಿ ಕಟ್ಟುವ ಹಗ್ಗವಾಗಕೂಡದು.

ಮೂರನೆಯದು, ಗೆಲುವಿನ ಹುಚ್ಚು. ಪಂದ್ಯದಲ್ಲಿ ಕೆಳಗಿನ ತೂಕದ ವರ್ಗಕ್ಕೆ ಸೇರಿಸಬೇಕೆಂದು ಮಕ್ಕಳನ್ನು ಉಪವಾಸವಿರಿಸಿ, ನೀರು ಬಿಡಿಸಿ, ಬೆವರಿಳಿಸುವ ದುಷ್ಟ ಪದ್ಧತಿ ಕೆಲವೆಡೆ ಇದೆ. ಅಮೆರಿಕದಲ್ಲಿ 1997ರ ಕೊನೆಯ ಎರಡು ತಿಂಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ತೂಕವಿಳಿಸಹೋಗಿ ಪ್ರಾಣಬಿಟ್ಟರು; ಅನಂತರ ಅಲ್ಲಿ ನಿಯಮಗಳನ್ನೇ ತಿದ್ದಬೇಕಾಯಿತು. ಬೆಳೆಯುವ ಮಗುವಿನ ಊಟವನ್ನು ಕಸಿದುಕೊಂಡು ತರುವ ಪದಕವು ಮನೆಗೆ ಶೋಭೆಯಲ್ಲ. ಪಟ್ಟಿಯ ಬಣ್ಣಗಳಿಗೂ ಇದೇ ಮಾತು ಸಲ್ಲುತ್ತದೆ. ಪ್ರತಿ ಪರೀಕ್ಷೆಗೂ ಹಣ ತೆತ್ತು, ಒಬ್ಬರೂ ನಪಾಸಾಗದೆ ಮೇಲೇರುವ ಶಾಲೆಯಲ್ಲಿ ಪರೀಕ್ಷೆಗೊಳಗಾಗುವುದು ತಂದೆಯ ಜೇಬೊಂದೇ.

ಪ್ರಾಯ ಕಳೆದವರು ಸೇರುವುದಾದರೆ ಅವರ ಆಯ್ಕೆಗೆ ಬೇರೆ ಅಳತೆಗೋಲು ಬೇಕು. ಹದಿನೆಂಟರ ಹುಡುಗನಿಗೆ ಹೇಳುವ ಪಾಠವನ್ನೇ ಐವತ್ತರವರಿಗೂ ಹೇಳುವ ಗುರುವು ಮೊಣಕಾಲಿನ ವೈದ್ಯರಿಗೆ ಉಪಕಾರ ಮಾಡುತ್ತಾನೆಯೇ ಹೊರತು ಶಿಷ್ಯನಿಗಲ್ಲ. ಹಳೆಯ ನೋವುಗಳನ್ನೂ ರಕ್ತದೊತ್ತಡ ಸಕ್ಕರೆಗಳನ್ನೂ ಮೊದಲೇ ಕೇಳಿ ತಿಳಿದು, ದಿನಕ್ಕಿಷ್ಟೆಂದು ಅಳತೆ ಹಾಕಿಕೊಡುವವನು ಬೇಕು. ಜೊತೆಗೆ ವಯಸ್ಕನು ತನ್ನ ಅಭಿಮಾನವನ್ನು ಚಪ್ಪಲಿಯೊಡನೆ ಹೊರಗೆ ಬಿಟ್ಟು ಬರಬೇಕಾಗುತ್ತದೆ. ಮಗನ ಓರಗೆಯ ಹುಡುಗನು ‘ಬೆನ್ನು ನೇರ ಮಾಡಿ’ ಎಂದು ತಿದ್ದಿದಾಗ ಬೆನ್ನು ನೇರಮಾಡುವುದು ಕಚೇರಿಯ ಮೇಜಿನ ಹಿಂದೆ ಇಪ್ಪತ್ತು ವರ್ಷ ಕುಳಿತವರಿಗೆ ಸುಲಭವಲ್ಲ. ತಂದೆಯು ಹಾಗೆ ತಿದ್ದಿಸಿಕೊಳ್ಳುವುದನ್ನು ಮಗನು ನೋಡಿದರೆ ಅವನಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.

ಕುಸ್ತಿ ಲೇಸೋ ಕರಾಟೆ ಲೇಸೋ, ಜೂಡೊ ಮೇಲೋ ಕಳರಿ ಮೇಲೋ ಎಂಬ ಚರ್ಚೆಯಲ್ಲಿ ಕಾಲ ಕಳೆಯುವುದರಿಂದ ಪ್ರಯೋಜನವಿಲ್ಲ. ಹಿಡಿಯುವ ವಿದ್ಯೆ ಒಂದು, ಹೊಡೆಯುವ ವಿದ್ಯೆ ಇನ್ನೊಂದು. ಮಗುವಿನ ಮೈಕಟ್ಟಿಗೂ ಮನಸ್ಸಿಗೂ ಯಾವುದು ಒಗ್ಗುವುದೋ ಅದೇ ಸರಿ. ವಿದ್ಯೆಯನ್ನು ಆರಿಸುವುದಕ್ಕಿಂತ ಗುರುವನ್ನು ಆರಿಸುವುದು ಮುಖ್ಯ. ಆರಿಸಿದ ಮೇಲೆಯೂ ಕರ್ತವ್ಯವು ಮುಗಿಯಲಿಲ್ಲ. ಮೂರು ತಿಂಗಳ ಬಳಿಕ ಹೇಳದೆ ಕೇಳದೆ ಮತ್ತೊಮ್ಮೆ ಹೋಗಿ ಮೂಲೆಯಲ್ಲಿ ಕುಳಿತು ನೋಡಬೇಕು. ಅಭ್ಯಾಸಕ್ಕೆ ಹೊರಡುವ ಹೊತ್ತಿನಲ್ಲಿ ಮಗುವಿನ ಮುಖವನ್ನು ನೋಡಬೇಕು. ತಮ್ಮನೊಡನೆ, ಬೀದಿಯ ನಾಯಿಯೊಡನೆ, ಮನೆಗೆಲಸದವಳೊಡನೆ ಅದರ ವರ್ತನೆ ಒರಟಾಯಿತೋ ಮೃದುವಾಯಿತೋ ಎಂಬುದನ್ನು ಗಮನಿಸಬೇಕು. ಮೃದುವಾಗಿದ್ದರೆ ಶುಲ್ಕವನ್ನು ಸಂತೋಷದಿಂದ ಕಟ್ಟಬಹುದು.